ಬೆಂಗಾವಲಿನ ಸದ್ದು

ರಾಷ್ಟ್ರಪ್ರಮುಖರ ವಾಹನಶ್ರೇಣಿಯ ಇಕ್ಕೆಲಗಳಲ್ಲಿ ಮೋಟಾರ್‌ಸೈಕಲ್ ಏರಿದ ಪೊಲೀಸರು ಸಾಗುವುದು ಕೇವಲ ವೈಭವಪ್ರದರ್ಶನಾರ್ಥವಾಗಿ ಅಲ್ಲ. ಕಾರು ನುಗ್ಗಲಾರದ ಸಂದಿಯಲ್ಲಿ ನುಸುಳಿ, ಜನಸಂದಣಿಯನ್ನು ಹಿಮ್ಮೆಟ್ಟಿಸಿ, ಮುಂದಿನ ಚೌಕದ ಸಂಚಾರವನ್ನು ತಡೆದು ದಾರಿ ಬಿಡಿಸುವ ಸಾಮರ್ಥ್ಯ ಆ ದ್ವಿಚಕ್ರವಾಹನಕ್ಕೆ ಉಂಟಾದುದರಿಂದಲೇ ಅದಕ್ಕೆ ಈ ಸ್ಥಾನ ಲಭಿಸಿದೆ. ಆದರೆ ಆ ಬೆಂಗಾವಲಿನೊಡನೆ ಬರುವ ಎಂಜಿನ್ನಿನ ಸದ್ದು ರಕ್ಷಣೆಗೇ ಪ್ರತಿಕೂಲವಾಗಬಲ್ಲುದೆಂಬುದಕ್ಕೆ, 1963ರ ನವೆಂಬರ್ 22ರಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರು ಹತರಾದ ಪ್ರಸಂಗವೇ ಪ್ರಬಲವಾದ ನಿದರ್ಶನ.

ಅಂದು ಅಧ್ಯಕ್ಷರ ತೆರೆದ ಕಾರಿನ ಹಿಂಬದಿಯಲ್ಲಿ, ಪ್ರತಿ ಪಾರ್ಶ್ವಕ್ಕೆ ಇಬ್ಬರಂತೆ, ನಾಲ್ವರು ಮೋಟಾರ್‌ಸೈಕಲ್ ಪೊಲೀಸರಿದ್ದರು. ಅವರು ಕಾರಿಗೆ ಒತ್ತಿ ಸಾಗದೆ ತುಸು ಹಿಂದೆ ಉಳಿಯಬೇಕೆಂಬ ಏರ್ಪಾಡಿಗೆ ಅಧ್ಯಕ್ಷರ ಇಚ್ಛೆಯೇ ಕಾರಣವಾಗಿದ್ದಿತು. ಎಂಜಿನ್ನುಗಳು ಸುತ್ತುವರಿದರೆ ಕಾರಿನೊಳಗಿನವರು ಪರಸ್ಪರ ಆಡುವ ಮಾತೂ ಕೇಳಿಸದೆಂದು ರಕ್ಷಣಾಧಿಕಾರಿಯೊಬ್ಬರು ಹತ್ಯೆಯ ತನಿಖೆ ನಡೆಸಿದ ವಾರನ್ ಆಯೋಗದೆದುರು ಸಾಕ್ಷ್ಯ ನುಡಿದರು. ಅಷ್ಟಾಗಿಯೂ ಸದ್ದು ತಪ್ಪಲಿಲ್ಲ. ಮೊದಲ ಗುಂಡಿನ ಶಬ್ದವನ್ನು ಅನೇಕರು ಪಟಾಕಿಯೆಂದೋ ಮೋಟಾರ್‌ಸೈಕಲ್ಲಿನ ಬ್ಯಾಕ್‌ಫೈರ್ ಎಂದೋ ಭಾವಿಸಿದರು. ಪತಿಯ ಪಕ್ಕದಲ್ಲೇ ಕುಳಿತಿದ್ದ ಶ್ರೀಮತಿ ಕೆನಡಿಯವರೂ, ಮೆರವಣಿಗೆಗಳಲ್ಲಿ ಇಂಥ ಸದ್ದು ಸದಾ ಇರುವುದೆಂಬ ಅಭ್ಯಾಸಬಲದಿಂದ, ಅದನ್ನು ಮೋಟಾರ್‌ಸೈಕಲ್ಲಿನ ಶಬ್ದವೆಂದೇ ಬಗೆದರು.

ಈ ಭ್ರಾಂತಿಗೆ ಯಂತ್ರದ ರಚನೆಯಲ್ಲೇ ಕಾರಣವಿದೆ. ಡಲ್ಲಾಸಿನ ಪೊಲೀಸರು ಏರಿದ್ದ ಹಾರ್ಲೆ-ಡೇವಿಡ್‌ಸನ್ ವಾಹನದ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ನಿಂತಿದ್ದು, ಎರಡರ ದಂಡಗಳೂ ಒಂದೇ ಕ್ರ್ಯಾಂಕಿನ ಕೀಲಿಗೆ ಸೇರಿರುವುದರಿಂದ, ದಹನಗಳ ನಡುವಣ ಅಂತರ ಸಮವಾಗಿರದೆ ಶಬ್ದವು ಕುಂಟುತ್ತ ಹೊರಡುತ್ತದೆ. ಗುಂಡು ಹಾರುವಾಗ ಅಧ್ಯಕ್ಷರ ಕಾರಿನ ವೇಗ ಗಂಟೆಗೆ ಸುಮಾರು 18 ಕಿಲೋಮೀಟರು ಮಾತ್ರ. ಹೀಗೆ ಕಡಿಮೆ ಗೇರಿನಲ್ಲಿ ಮಂದಗತಿಯಿಂದ ಸಾಗುವಾಗ ಸವಾರನು ಆಕ್ಸಿಲರೇಟರನ್ನು ಮತ್ತೆ ಮತ್ತೆ ತಿರುವಿ ಬಿಡುತ್ತಿರಬೇಕಾಗುವುದರಿಂದ, ಪೂರ್ಣವಾಗಿ ಉರಿಯದ ಪೆಟ್ರೋಲಿನ ಆವಿ ಕಾದ ಹೊಗೆಕೊಳವೆಯಲ್ಲಿ ಥಟ್ಟನೆ ಹೊತ್ತಿಕೊಂಡು ಕೋವಿಯಂತೆ ಸಿಡಿಯುತ್ತದೆ; ಇದೇ ಬ್ಯಾಕ್‌ಫೈರ್.

ವರ್ಷಗಳ ಬಳಿಕ ಈ ಸದ್ದೇ ಸಾಕ್ಷ್ಯದ ಪೀಠವನ್ನೇರಿತು. ಮೋಟಾರ್‌ಸೈಕಲ್ ಪೊಲೀಸನೊಬ್ಬನ ಮೈಕು ತೆರೆದೇ ಉಳಿದುದರಿಂದ ಠಾಣೆಯ ಧ್ವನಿಮುದ್ರಣಯಂತ್ರದಲ್ಲಿ ದಾಖಲಾಗಿದ್ದ ಎಂಜಿನ್ನಿನ ಗದ್ದಲದೊಳಗೆ ಬೇರೊಬ್ಬನು ಹಾರಿಸಿದ ನಾಲ್ಕನೆಯ ಗುಂಡಿನ ಗುರುತಿದೆಯೆಂದು ನಂಬಿ, 1979ರಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆಯ ಸಮಿತಿಯು ಇಬ್ಬರು ಹಂತಕರಿದ್ದ ಸಂಭವವನ್ನು ಸಾರಿತು. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು, ಭೌತವಿಜ್ಞಾನಿ ನಾರ್ಮನ್ ರ‍್ಯಾಮ್ಸೆಯವರ ಅಧ್ಯಕ್ಷತೆಯಲ್ಲಿ, ಆ ಗುರುತುಗಳು ಹತ್ಯೆಯಾದ ಸುಮಾರು ಒಂದು ನಿಮಿಷದ ನಂತರದವೆಂದು ತೋರಿಸಿ ಆ ವಾದವನ್ನು ನಿರಾಕರಿಸಿದರು.

ಹೀಗೆ ಸದ್ದಿನೊಡನೆ ಸಾಗುವ ಬೆಂಗಾವಲಿಗೆ ವ್ಯತಿರಿಕ್ತವಾದ ಪದ್ಧತಿಯೊಂದು ಲಂಡನ್ನಿನಲ್ಲಿದೆ. ಅಲ್ಲಿಯ ಮೆಟ್ರೊಪಾಲಿಟನ್ ಪೊಲೀಸರ ವಿಶೇಷ ಬೆಂಗಾವಲು ಪಡೆಯವರು, ರಾಜಮನೆತನದವರನ್ನೂ ವಿದೇಶದ ಅತಿಥಿಗಳನ್ನೂ ಕರೆದೊಯ್ಯುವಾಗ, ಸೈರನ್ನಿನ ಕೂಗಿಗಿಂತ ಕೈಸನ್ನೆ ಮತ್ತು ಬಾಯಲ್ಲಿ ಕಚ್ಚಿದ ಸೀಟಿಗಳನ್ನೇ ನೆಚ್ಚಿ ದಾರಿ ಬಿಡಿಸುತ್ತಾರೆ. ಸೀಟಿಯ ತೀಕ್ಷ್ಣಧ್ವನಿ ಬೇಕಾದಾಗ ಮಾತ್ರ ಹೊರಟು, ಕೆಲಸ ಮುಗಿದೊಡನೆ ನಿಲ್ಲುತ್ತದೆ.

ಗದ್ದಲವೇ ಗೌರವವೆಂದು ತಿಳಿಯುವುದು ತಪ್ಪು. ಅಪಾಯದ ಮೊದಲ ಸುಳಿವು ಕಿವಿಗೆ ಮುಟ್ಟುವಂತಿರಬೇಕಾದರೆ ಬೆಂಗಾವಲು ಮೊದಲು ತಾನು ಸದ್ದಡಗಿ ಸಾಗಬೇಕು.