ಅರಸನ ಮಡದಿಯೋ, ನಾಡಿನ ಅರಸಿಯೋ?

ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲಿ ನಿಂತು ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ, ಗುರುಪುರ ಮತ್ತು ನೇತ್ರಾವತಿ ನದಿಗಳು ಕಡಲನ್ನು ಸೇರುವ ಅಳಿವೆಯೂ ಅದರಾಚೆಗೆ ಉಳ್ಳಾಲದ ತೆಂಗಿನ ಸಾಲೂ ಕಾಣುತ್ತವೆ. ದೋಣಿಯವನಿಗೆ ಅದೇನೂ ದೂರವಲ್ಲ. ಆದರೆ ಹದಿನೇಳನೆಯ ಶತಮಾನದ ಮೊದಲಲ್ಲಿ ಈ ದಡ ಒಂದು ರಾಜ್ಯ, ಆ ದಡ ಮತ್ತೊಂದು. ಈಚೆ ಬಂಗರಸ, ಆಚೆ ಚೌಟರ ಮನೆತನದ ಅಬ್ಬಕ್ಕದೇವಿ. ಇವರಿಬ್ಬರೂ ಮದುವೆಯಾದವರು. ಹಾಗಿದ್ದರೂ ಆಕೆ ಮಂಗಳೂರಿನ ರಾಣಿಯಾಗಲಿಲ್ಲ, ಆತ ಉಳ್ಳಾಲದ ಅರಸನೆನಿಸಲಿಲ್ಲ. ಈ ಸಂಗತಿಯನ್ನು ಸರಿಯಾಗಿ ಗ್ರಹಿಸುವುದಕ್ಕೆ ನಮ್ಮ ಭಾಷೆಯೇ ಕೊಂಚ ಅಡ್ಡಿಯಾಗಿದೆ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ಅರಸನ ಹೆಂಡತಿಯೂ ಅರಸಿಯೇ, ತಾನೇ ಪಟ್ಟವೇರಿ ಆಳುವವಳೂ ಅರಸಿಯೇ.

ಹೆಣ್ಣಿಗೆ ರಾಜಪದವಿಯಾಗಲಿ ಪ್ರಭುಪದವಿಯಾಗಲಿ ದೊರೆಯುವ ದಾರಿಗಳು ಮೂರು: ಹುಟ್ಟು, ನೇಮಕ, ಮದುವೆ. ಇಂಗ್ಲೆಂಡಿನವರು ಇವುಗಳ ನಡುವಣ ವ್ಯತ್ಯಾಸವನ್ನು ಕಾನೂನಿನಿಂದಲೇ ಕಾಪಾಡಿಕೊಂಡು ಬಂದರು. ಅರ್ಲ್ ಪದವಿಯವನ ಮಡದಿ ಕೌಂಟೆಸ್ ಎನಿಸಿದರೂ ಆ ಪದವಿ ಆಕೆಯ ಸ್ವಂತದ್ದಲ್ಲ; ವಂಶದಿಂದ ಪಡೆದವಳ ಪದವಿ ಸ್ವಂತದ್ದು. ವಿನೋದವೆಂದರೆ, ಹಾಗೆ ಸ್ವಂತ ಹಕ್ಕುಳ್ಳ ಮಹಿಳೆಯರಿಗೂ ಅಲ್ಲಿನ ಪ್ರಭುಸಭೆಯಲ್ಲಿ ಆಸನ ಸಿಕ್ಕಿದ್ದು 1963ರ ಕಾಯಿದೆ ಬಂದ ಮೇಲೆ. ನೇಮಕದಿಂದ ಜೀವಾವಧಿ ಪದವಿ ಪಡೆದ ಮಹಿಳೆಯರು ಅವರಿಗಿಂತ ಮೊದಲೇ, 1958ರಲ್ಲಿ, ಒಳಗೆ ಹೋಗಿ ಕುಳಿತಿದ್ದರು.

ನಮ್ಮ ಶಾಸನಗಳಲ್ಲಿ ಈ ಮೂರು ದಾರಿಗಳಿಗೂ ಸಾಕ್ಷ್ಯವಿದೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಮೊದಲಾದ ನಾಡುಗಳ ಆಡಳಿತವನ್ನು ವಹಿಸಿಕೊಂಡಿದ್ದಳು. 1047ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಕೆಳದಿಯ ಚೆನ್ನಮ್ಮಾಜಿ ಅರಮನೆಗೆ ಬಂದದ್ದು ಸೋಮಶೇಖರ ನಾಯಕನ ಕೈಹಿಡಿದು. ಆತನ ಬಳಿಕ 1671ರಿಂದ ಕಾಲು ಶತಮಾನ ರಾಜ್ಯವಾಳಿದಳು. 1678ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು ಮಂಗಳೂರಿನಲ್ಲಿ ಅವರ ವ್ಯಾಪಾರದ ಕೋಠಿಗೆ ಅಪ್ಪಣೆ ಕೊಟ್ಟವಳೂ ಅವಳೇ. ಇಷ್ಟು ಸಮರ್ಥಳಾದರೂ ವಂಶ ಮುಂದುವರಿಯಲು ಬಸಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಳ್ಳಬೇಕಾಯಿತು. ಇದಕ್ಕೂ ಹಿಂದೆ, ಹದಿಮೂರನೆಯ ಶತಮಾನದ ಕೊನೆಯಲ್ಲಿ, ಬಾರಕೂರಿನಲ್ಲಿ ಆಳುಪರ ಬಲ್ಲಮಹಾದೇವಿ ಇದ್ದಳು. ಪತಿ ವೀರಪಾಂಡ್ಯನ ತರುವಾಯ ಪಟ್ಟಕ್ಕೆ ಬಂದ ಈಕೆಗೆ ಶಾಸನಗಳಲ್ಲಿರುವುದು ಮಹಾರಾಜಾಧಿರಾಜ, ಪರಬಲಸಾಧಕ ಎಂಬಂಥ ಪುಲ್ಲಿಂಗದ ಬಿರುದುಗಳು. ವೈಯಾಕರಣರು ಮುಖ ಸಿಂಡರಿಸಬಹುದು. ಶಾಸನ ಬರೆಸಿದವರ ಮಟ್ಟಿಗೆ ಬಿರುದು ಸಿಂಹಾಸನದ್ದು. ಅದರ ಮೇಲೆ ಕುಳಿತವರು ಗಂಡೋ ಹೆಣ್ಣೋ ಎಂಬುದು ಅನಂತರದ ಮಾತು.

ಉಳ್ಳಾಲದ ಕಥೆ ಇವೆಲ್ಲಕ್ಕಿಂತ ಬೇರೆ. ಚೌಟರು ಜೈನರು, ಪುತ್ತಿಗೆ, ಮೂಡುಬಿದಿರೆ, ಉಳ್ಳಾಲ ಅವರ ನೆಲೆಗಳು. ತುಳುನಾಡಿನ ಬಂಗ, ಅಜಿಲ ಮೊದಲಾದ ಅರಸುಮನೆತನಗಳಂತೆ ಇವರದೂ ಅಳಿಯಸಂತಾನ. ಅರಸನ ಮಗ ಅರಸನಾಗುವುದಿಲ್ಲ. ಸೋದರಿಯ ಮಗ ಆಗುತ್ತಾನೆ. ಮಕ್ಕಳು ತಾಯಿಯ ಮನೆಯವರು. ಮದುವೆಯಿಂದ ಯಾರ ಪದವಿಯೂ ಯಾರಿಗೂ ಹೋಗುವುದಿಲ್ಲ. ಈ ಕಟ್ಟಿನಲ್ಲಿ ಹೆಣ್ಣು ಕೇವಲ ವಂಶವಾಹಿನಿ, ಅಧಿಕಾರವೆಲ್ಲ ಸೋದರಮಾವನದು ಎಂದು ಕೆಲವರು ಆಕ್ಷೇಪಿಸುತ್ತಾರೆ. ಬಹಳ ಮನೆಗಳಲ್ಲಿ ನಡೆದದ್ದು ಹಾಗೆಯೇ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಕುಟುಂಬದಲ್ಲಿ ಹಿರಿಯಳು ಹೆಣ್ಣಾದಾಗ ಆಕೆಯೇ ಯಜಮಾಂತಿ ಎಂಬ ಪದ್ಧತಿಯೂ ಇಲ್ಲಿತ್ತು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಅದನ್ನು ಮನ್ನಿಸಿದವು. ಅಬ್ಬಕ್ಕ ಪಟ್ಟವೇರಿದ್ದು ವಿಧವೆಯಾಗಿ ಅಲ್ಲ, ಬಾಲಕನೊಬ್ಬನ ಪರವಾಗಿಯೂ ಅಲ್ಲ. ಚೌಟರ ಮನೆಯಲ್ಲಿ ಹುಟ್ಟಿದ ಹಕ್ಕಿನಿಂದ.

ಆದ್ದರಿಂದಲೇ ಆಕೆಗೂ ಬಂಗರಸನಿಗೂ ಹುಟ್ಟಿದ ಕಲಹವನ್ನು ಗಂಡನ ಮಾತು ಮೀರಿದ ಹೆಂಡತಿಯ ಕಥೆಯಾಗಿ ನಾಟಕಗಳಲ್ಲಿ ಆಡಿದಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಈ ಸುದ್ದಿಯನ್ನು ವಿವರವಾಗಿಯೇ ಬರೆದಿದ್ದಾನೆ. ಸಂಬಂಧ ಮುರಿದಾಗ ಆಕೆ ಬಂಗರಸನ ಒಡವೆಗಳನ್ನು ಹಿಂದಕ್ಕೆ ಕಳುಹಿಸಿದಳು. ಆತ ನದಿಯಲ್ಲಿ ದೋಣಿಯ ಮೇಲಿದ್ದ ಆಕೆಯನ್ನು ಹೊಂಚುಹಾಕಿ ಹಿಡಿಸಿದ. ಹಿಡಿದವರ ಮನವೊಲಿಸಿ ಆಕೆ ಬಿಡಿಸಿಕೊಂಡಳು. ಅಲ್ಲಿಂದ ಯುದ್ಧ. ಬಂಗರಸನಿಗೆ ಪೋರ್ಚುಗೀಸರ ಬೆಂಬಲ, ಆಕೆಗೆ ಇಕ್ಕೇರಿಯ ವೆಂಕಟಪ್ಪ ನಾಯಕನ ಬೆಂಬಲ. ಸೋತವರು ಬಂಗರಸನೂ ಪೋರ್ಚುಗೀಸರೂ.

1623ರಲ್ಲಿ ಡೆಲ್ಲಾ ವಲ್ಲೆ ಆಕೆಯನ್ನೇ ನೋಡಬೇಕೆಂದು ಉಳ್ಳಾಲದ ಸೀಮೆಗೆ ಹೋದ. ರಾಣಿ ಬೀದಿಯಲ್ಲಿ ನಡೆದು ಬರುತ್ತಿದ್ದಳು, ಬರಿಗಾಲಿನಲ್ಲಿ. ಸೊಂಟಕ್ಕೆ ದಪ್ಪನೆಯ ಬಿಳಿಯ ಹತ್ತಿಬಟ್ಟೆ, ತಲೆಗೊಂದು ವಸ್ತ್ರ. ಜೊತೆಯಲ್ಲಿ ಸಖಿಯರಿಲ್ಲ, ಕತ್ತಿ ಗುರಾಣಿಗಳ ಭಟರು. ಗದ್ದೆಗಳಿಗೆ ನೀರುಣಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಲು ಹೊರಟಿದ್ದಳು. ಯುರೋಪಿನ ರಾಣಿಯರ ಬೆಡಗನ್ನು ಬಲ್ಲ ಪ್ರವಾಸಿಯ ಕಣ್ಣಿಗೆ ಆಕೆ ಅಡುಗೆಯವಳಂತೆ, ಅಗಸಗಿತ್ತಿಯಂತೆ ಕಂಡಳು. ಪೋರ್ಚುಗಲ್ಲು ಆಗ ಸ್ಪೇನಿನ ದೊರೆಯ ಅಧೀನದಲ್ಲಿತ್ತಷ್ಟೆ. ಅಂಥ ದೊರೆಯ ದಂಡನ್ನು ಸೋಲಿಸಿದವಳು ಇವಳೇ ಎಂದು ಬೆರಗಾದ. ಮಾತನಾಡತೊಡಗಿದ ಮೇಲೆ ಮಾತ್ರ, ಆ ಧ್ವನಿಯಲ್ಲಿಯೂ ವಿವೇಕದಲ್ಲಿಯೂ ರಾಣಿತನವಿದೆ ಎಂದು ಒಪ್ಪಿಕೊಂಡ. ಉಡುಪಿನಿಂದ ಪದವಿಯನ್ನು ಅಳೆಯುವುದು ಆತನ ನಾಡಿನ ವಾಡಿಕೆ. ಆಕೆಗೆ ಅದರ ಅಗತ್ಯವಿರಲಿಲ್ಲ.

ರಾಜರ ಬಿರುದುಗಳಿಗೆ ಸರಕಾರ ನೀಡುತ್ತಿದ್ದ ಮನ್ನಣೆ 1971ರಲ್ಲಿ ನಿಂತಿತು. ಅದಕ್ಕೂ ಮೊದಲೇ, 1949ರ ಮದ್ರಾಸು ಕಾಯಿದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಬಳಿಕ ಅಳಿಯಸಂತಾನದ ಕಟ್ಟು ಸಡಿಲಿತು. ಅಬ್ಬಕ್ಕನ ಹೆಸರನ್ನು 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ಇಟ್ಟರು, ಸಂತೋಷದ ವಿಷಯ. ಆದರೆ ಯಾವ ಅಬ್ಬಕ್ಕ? ಡೆಲ್ಲಾ ವಲ್ಲೆ ಕಂಡವಳಿಗೆ ಸುಮಾರು ನಲವತ್ತು ವಯಸ್ಸು. ಹದಿನಾರನೆಯ ಶತಮಾನದ ನಡುಭಾಗದಲ್ಲಿಯೇ ಪೋರ್ಚುಗೀಸರನ್ನು ಎದುರಿಸಿದಳೆಂದು ಹೇಳುವ ಅಬ್ಬಕ್ಕ ಅವಳಾಗಿರಲಾರಳು. ಒಂದೇ ಮನೆತನದಲ್ಲಿ, ಒಂದೇ ಗದ್ದುಗೆಯ ಮೇಲೆ, ಆ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಕುಳಿತಿರಬೇಕು. ಜನರ ನೆನಪು ಅವರನ್ನೆಲ್ಲ ಕೂಡಿಸಿ ಒಬ್ಬಳನ್ನಾಗಿ ಮಾಡಿದೆ.