ಕಾದಂಬರಿಯ ಊರಿಗೆ ಕಡತವೂ ಬೇಕು, ಅಜ್ಜನೂ ಬೇಕು

ಕಾದಂಬರಿಯ ಊರು ಕಟ್ಟುಕಥೆಯದಾದರೂ ನಡೆಯುತ್ತದೆ. ಅಲ್ಲಿನ ಮಳೆ, ಬಸ್ಸು, ಅಡಿಕೆ ಧಾರಣೆ ತಪ್ಪಿದರೆ ಮಲೆನಾಡಿನ ಓದುಗ ಕೂಡಲೇ ಹಿಡಿಯುತ್ತಾನೆ. ಇಂಥ ವಿವರಗಳನ್ನು ಲೇಖಕರು ಬಾಳಿದ ನೆಲದಿಂದ, ಹಿರಿಯರ ಬಾಯಿಂದ, ಶಾಸನ ಮತ್ತು ಕಡತಗಳಿಂದ, ತಿರುಗಾಟದಿಂದ ಕೂಡಿಹಾಕುತ್ತಾರೆ. ನೌಕರಿಯೂ ಒಂದು ದಾರಿ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬಂದಿಲ್ಲ.

ನಾ. ಡಿಸೋಜರದು ಆ ದಾರಿ. 1937ರಲ್ಲಿ ಸಾಗರದಲ್ಲಿ ಹುಟ್ಟಿದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕಾಮಗಾರಿಯನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಗರಿಷ್ಠ ಮಟ್ಟ 1819 ಅಡಿ. ಹಿಡಿಯುವ ನೀರು ಸುಮಾರು 151 ಟಿಎಂಸಿ. ಕಚೇರಿಯ ಕಾಗದದಲ್ಲಿ ಇವು ಬರೀ ಅಂಕಿ. ಆ ಗೆರೆಯ ಕೆಳಗೆ ಯಾರ ಗದ್ದೆ, ಮೇಲೆ ಯಾರ ಮನೆ, ಪರಿಹಾರದ ಹಣ ಕೈಗೆ ಬರುವ ಮೊದಲೇ ಮಳೆಗಾಲ ಹಿಡಿದರೆ ಕೊಟ್ಟಿಗೆಯ ದನಗಳ ಗತಿ ಏನು ಎನ್ನುವಲ್ಲಿ ಕಾದಂಬರಿ ಶುರುವಾಗುತ್ತದೆ. ಸುತ್ತ ಹಿನ್ನೀರು ಏರುತ್ತಿರಲು ಗುಡ್ಡದ ಮೇಲೆ ಉಳಿದುಬಿಟ್ಟ ಸಂಸಾರದ ಕಥೆ ‘ದ್ವೀಪ’ ಹುಟ್ಟಿದ್ದು ಈ ನೆಲದಿಂದ. ಗಿರೀಶ ಕಾಸರವಳ್ಳಿ ಅದನ್ನು 2002ರಲ್ಲಿ ಚಲನಚಿತ್ರವಾಗಿಸಿದರು. ಡಿಸೋಜ ಮಕ್ಕಳಿಗೂ ಇದೇ ವಸ್ತುವನ್ನು ಕೊಟ್ಟರು: ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆಯಿತು. ಅಣೆಕಟ್ಟೆ ಕಟ್ಟುವವರ ಲೆಕ್ಕ, ಮುಳುಗುವವರ ಸಂಕಟ ಎರಡೂ ಒಬ್ಬನೇ ಲೇಖಕನ ಕಿವಿಗೆ ಬಿದ್ದದ್ದು ಕನ್ನಡದ ಪುಣ್ಯ. ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಈಗ ಅದೇ ಹಿನ್ನೀರಿನ ಬಗ್ಗೆ ಬರೆಯುವವರು ಹುಡುಕಿಯೇ ತಿಳಿಯಬೇಕು. ನೀರು ತೀರಾ ಇಳಿದ ಬೇಸಿಗೆಯಲ್ಲಿ, 1940ರ ದಶಕದಲ್ಲಿ ಕಟ್ಟಿ ಆಮೇಲೆ ಲಿಂಗನಮಕ್ಕಿಯಲ್ಲೇ ಮುಳುಗಿದ ಹಿರೇಭಾಸ್ಕರ ಅಣೆಕಟ್ಟೆ ಮೇಲೇಳುತ್ತದೆ. ಯಾವ ತಿಂಗಳು ಎಂಬುದು ಕಥೆಗೆ ಮುಖ್ಯ. ಹಿನ್ನೀರಿನಾಚೆಯ ಸಿಗಂದೂರಿಗೆ ಹೋಗುವ ಪಾತ್ರ ಲಾಂಚಿಗೆ ಕಾಯಬೇಕೋ ಬೇಡವೋ ಎಂಬುದಕ್ಕೂ ಇಸವಿ ನೋಡಬೇಕು: ಜುಲೈ 2025ರಿಂದ ಅಲ್ಲಿ ಸೇತುವೆ ಇದೆ.

ಕಾಣದ ಕಾಲವನ್ನು ಬರೆಯುವವರ ಪಾಡು ಬೇರೆ. ಕುವೆಂಪು ಹುಟ್ಟಿದ್ದು 1904ರಲ್ಲಿ. ‘ಮಲೆಗಳಲ್ಲಿ ಮದುಮಗಳು’ ಅದಕ್ಕೂ ಹಿಂದಿನ, 19ನೇ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯದು. ಹಿರಿಯರ ಮಾತಿಗೆ ಕಿವಿಗೊಡದೆ ಅದು ಆಗುವಂಥದ್ದಲ್ಲ. ಎಸ್.ಎಲ್. ಭೈರಪ್ಪ ‘ಪರ್ವ’ಕ್ಕಾಗಿ ಹಿಮಾಲಯದ ತಪ್ಪಲಿಗೆ ಹೋಗಿ ಬಹುಪತಿತ್ವ ಉಳಿದಿದ್ದ ಜನರ ನಡುವೆ ತಿರುಗಿದರು. ‘ಆವರಣ’ದಲ್ಲಂತೂ ಆಕರ ಗ್ರಂಥಗಳ ಪಟ್ಟಿ ಕಾದಂಬರಿಯ ಒಳಗೇ ಬರುತ್ತದೆ. ಓದು ಹೀಗೆ ಕಾಣುವಂತಿರಬೇಕೇ ಎಂಬ ತಕರಾರು ಇದ್ದೇ ಇದೆ. ಡಿಸೋಜರ ಬರಹದಲ್ಲಿ ಕಡತ ಕಾಣುವುದಿಲ್ಲ, ನೀರು ಕಾಣುತ್ತದೆ.

ಶಿವಮೊಗ್ಗದಲ್ಲಿ ಕೂತವರಿಗೆ ಸಾಮಗ್ರಿಗೆ ಬರವಿಲ್ಲ. ನಾಯಕರ ಕಾಲಕ್ಕೆ ಕೆಳದಿಯ ವಸ್ತುಸಂಗ್ರಹಾಲಯವಿದೆ, ಅಲ್ಲಿ ಓಲೆಗರಿಗಳಿವೆ. ಶಿವಮೊಗ್ಗದೊಳಗೇ ಸಾಹಿತ್ಯ ಸಂಸ್ಥೆಯಾದ ಕರ್ನಾಟಕ ಸಂಘವಿದೆ. ಆದರೆ ಇದೇ ಊರಿನ ರಾಗಿಗುಡ್ಡದ ಬುಡದಲ್ಲಿ ಕಥೆ ಹೂಡಿದರೆ ಇವು ಹೆಚ್ಚು ನೆರವಾಗವು. ಗುಡ್ಡದ ಸುತ್ತ ಮೊದಲು ಮನೆ ಕಟ್ಟಿದವರು ನೀರು ಎಲ್ಲಿಂದ ಹೊತ್ತರು, ರಾತ್ರಿ ಪೇಟೆಯಿಂದ ಯಾವ ದಾರಿ ಹಿಡಿದು ಬಂದರು ಎಂಬುದನ್ನು ಅಲ್ಲಿನ ಹಳಬರ ಜಗಲಿಯಲ್ಲೇ ಕೇಳಬೇಕು.

ಭದ್ರಾವತಿಯದು ಇನ್ನೂ ತುರ್ತು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಕಾಗದದ ಕಾರ್ಖಾನೆ 1930ರ ದಶಕದಲ್ಲಿ ಬಂತು ಎಂಬುದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಸೈರನ್ ಕೂಗಿದಾಗ ಕ್ವಾರ್ಟರ್ಸಿನ ಯಾವ ಮನೆಯಲ್ಲಿ ಒಲೆ ಹೊತ್ತುತ್ತಿತ್ತು, ರಾತ್ರಿ ಪಾಳಿಯವರ ಬುತ್ತಿಯಲ್ಲಿ ಏನಿರುತ್ತಿತ್ತು ಎಂಬುದು ಸಿಗದು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಅದನ್ನೆಲ್ಲ ಹೇಳಬಲ್ಲ ನಿವೃತ್ತರು ಒಬ್ಬೊಬ್ಬರಾಗಿ ಬೆಂಗಳೂರಿನ ಮಕ್ಕಳ ಮನೆ ಸೇರುತ್ತಿದ್ದಾರೆ. ಭದ್ರಾವತಿಯ ಕಾದಂಬರಿ ಬರೆಯುವವರು ಇನ್ನು ಅವರ ವಿಳಾಸ ಹಿಡಿದು ಅಲ್ಲಿಗೇ ಹೋಗಬೇಕು.