ಹೊಸ ಕಾರಿನ ಎಂಜಿನ್ ಹೋಯಿತು: ಇಟ್ಟುಕೊಳ್ಳುವುದೋ, ಮಾರುವುದೋ?

ರಾತ್ರಿಯೆಲ್ಲ ಸುರಿದ ಮಳೆ ಬೆಳಿಗ್ಗೆ ನಿಂತಿರುತ್ತದೆ. ಗ್ಯಾರೇಜುಗಳ ಮುಂದೆ ಮಾತ್ರ ಸಾಲು ಕರಗಿರುವುದಿಲ್ಲ. ಕ್ರೇನಿನ ಕೊಕ್ಕೆಗೆ ಮೂತಿ ಕೊಟ್ಟು, ಹಿಂದಿನ ಎರಡು ಚಕ್ರಗಳ ಮೇಲೆ ಉರುಳುತ್ತ ಬರುವ ಕಾರುಗಳಲ್ಲಿ ಹಳೆಯವೂ ಇರುತ್ತವೆ, ಆಯುಧಪೂಜೆಯ ಕುಂಕುಮ ಇನ್ನೂ ಮಾಸದ ಹೊಸವೂ ಇರುತ್ತವೆ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತ ನೀರು ನಿಂತಾಗ ಈ ನೋಟವನ್ನು ಇಡೀ ದೇಶವೇ ನೋಡಿತು. ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು; ಅವರ ಕಾರುಗಳು ನೀರಿನಲ್ಲೇ ಉಳಿದವು.

ಇಂಥ ಕಾರೊಂದರ ಮಾಲೀಕನಿಗೆ ಮೆಕ್ಯಾನಿಕ್ ಹೇಳುವ ಮಾತು ಚಿಕ್ಕದು: ‘ಎಂಜಿನ್ ಹೋಗಿದೆ ಸಾರ್, ಬದಲಿಸಬೇಕು.’ ಅಲ್ಲಿಂದ ಮುಂದೆ ಮನೆಯಲ್ಲಿ ಏಳುವ ಪ್ರಶ್ನೆ ದೊಡ್ಡದು. ಮೈಯೆಲ್ಲ ಹೊಸದು, ಹೃದಯ ಮಾತ್ರ ನಿಂತಿರುವ ಕಾರನ್ನು ಏನು ಮಾಡುವುದು?

ಉದಾಹರಣೆಗೆ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ, ತಾಯಿ, ಹತ್ತನೆಯ ತರಗತಿಯ ಮಗಳು, ಮಂಡಿನೋವಿನ ಅಜ್ಜಿ. ಹದಿನಾಲ್ಕು ತಿಂಗಳ ಹಿಂದೆ 10 ಲಕ್ಷ ರೂಪಾಯಿಗೆ ಕೊಂಡ ಕಾರು. ಬ್ಯಾಂಕ್ ಸಾಲದಲ್ಲಿ ಇನ್ನೂ ನಾಲ್ಕೂವರೆ ಲಕ್ಷ ಬಾಕಿ. ಮಗಳ ಎಂಜಿನಿಯರಿಂಗ್ ಓದಿಗೆಂದು ಇಟ್ಟ 4 ಲಕ್ಷದ ಠೇವಣಿ ಬಿಟ್ಟರೆ ಕೈಯಲ್ಲಿ ಹೆಚ್ಚಿನ ಹಣವಿಲ್ಲ. ಅಂಡರ್‌ಪಾಸಿನ ನೀರಿನಲ್ಲಿ ಕಾರು ನಿಂತಿತು. ತಂದೆ ಗಾಬರಿಯಲ್ಲಿ ಎರಡು ಸಲ ಕೀ ತಿರುಗಿಸಿದರು. ‘ಠಕ್’ ಎಂಬ ಸದ್ದು ಬಂತು, ಅಷ್ಟೆ. ಗ್ಯಾರೇಜಿನವರು ಕೊಟ್ಟ ಅಂದಾಜು 3 ಲಕ್ಷ ರೂಪಾಯಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಇಡಲಾಗಿದೆ. ಸಂಕಟ ಮಾತ್ರ ಇಂಥ ಎಲ್ಲ ಮನೆಗಳದೂ ಒಂದೇ.

ನೀರು ಕುಗ್ಗುವುದಿಲ್ಲ

ಆ ‘ಠಕ್’ ಸದ್ದಿನ ಅರ್ಥವೇನು? ಶಾಲೆಯ ಪ್ರಯೋಗಾಲಯದ ಒಂದು ಸಿರಿಂಜ್ ಇದನ್ನು ಹೇಳಿಕೊಡಬಲ್ಲದು. ಸೂಜಿಯಿಲ್ಲದ ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಹಿಡಿಕೆ ಒಳಗೆ ಹೋಗುತ್ತದೆ. ಅದರಲ್ಲೇ ನೀರು ತುಂಬಿ ಒತ್ತಿ, ಹಿಡಿಕೆ ಜಗ್ಗುವುದಿಲ್ಲ. ನೀರಿನ ಗಾತ್ರವನ್ನು ಶೇಕಡಾ ಒಂದರಷ್ಟು ಕುಗ್ಗಿಸಲು ವಾಯುಮಂಡಲದ ಒತ್ತಡದ 200 ಪಟ್ಟಿಗೂ ಹೆಚ್ಚು ಒತ್ತಡ ಬೇಕು.

ಕಾರಿನ ಎಂಜಿನ್ ಗಾಳಿಯನ್ನು ನಂಬಿ ಕಟ್ಟಿದ ಯಂತ್ರ. ಹೀರುವುದು, ಒತ್ತುವುದು, ಉರಿಸುವುದು, ಹೊರಹಾಕುವುದು - ಈ ನಾಲ್ಕು ಹಂತಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ನಾಲ್ಕು ಸಿಲಿಂಡರಿನ 1200 ಸಿ.ಸಿ. ಎಂಜಿನ್ ಎಂದರೆ ಪ್ರತಿ ಪಿಸ್ಟನ್ ಸರಿಸುವ ಗಾತ್ರ 300 ಸಿ.ಸಿ. ಸಂಪೀಡನ ಅನುಪಾತ 11ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ತುತ್ತತುದಿಗೆ ಏರಿದಾಗ ಅದರ ಮೇಲೆ ಉಳಿಯುವ ಜಾಗ ಕೇವಲ 30 ಸಿ.ಸಿ. ಅಡುಗೆಮನೆಯ ಭಾಷೆಯಲ್ಲಿ ಎರಡು ದೊಡ್ಡ ಚಮಚ. ಗಾಳಿ ಎಳೆದುಕೊಳ್ಳುವ ಕೊಳವೆಯ ಮೂಲಕ ಅದಕ್ಕಿಂತ ಹೆಚ್ಚು ನೀರು ಒಳಸೇರಿತೋ, ಪಿಸ್ಟನ್ ಮೇಲೇರಲಾರದು. ಕೆಳಗಿನಿಂದ ನೂಕುವ ಬಲ ಮಾತ್ರ ನಿಲ್ಲುವುದಿಲ್ಲ. ನಡುವೆ ಸಿಕ್ಕಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಮುರಿದು ಬ್ಲಾಕಿನ ಗೋಡೆಯನ್ನೇ ಒಡೆದು ಹೊರಬರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸಂಪೀಡನ ಇನ್ನೂ ಹೆಚ್ಚು. ಆದ್ದರಿಂದ ಅಪಾಯವೂ ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ನೀರಿನಲ್ಲಿ ನಿಂತುಹೋದ ಎಂಜಿನ್ ಎಲ್ಲವೂ ಸತ್ತ ಎಂಜಿನ್ ಅಲ್ಲ. ಕೀ ತಿರುಗಿಸದೆ ಎಳೆಸಿಕೊಂಡು ಹೋದರೆ, ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೀರು ಹೊರತೆಗೆದು, ಆಯಿಲ್ ಬದಲಿಸಿ ಎಷ್ಟೋ ಎಂಜಿನ್‌ಗಳನ್ನು ಉಳಿಸುತ್ತಾರೆ. ಹಲವು ಕಾರುಗಳಲ್ಲಿ ಕೆಲವು ಸಾವಿರಕ್ಕೂ 3 ಲಕ್ಷಕ್ಕೂ ಇರುವ ವ್ಯತ್ಯಾಸ ಆ ಒಂದು ತಿರುವು.

ಕಾರಣ ಮೊದಲು, ಎಂಜಿನ್ ಆಮೇಲೆ

ಹೊಸ ಕಾರಿನ ಎಂಜಿನ್ ಕೆಡಲು ನೀರೊಂದೇ ಕಾರಣವಲ್ಲ. ಕೂಲೆಂಟ್ ಸೋರಿ ಎಂಜಿನ್ ಕಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಎರಕದ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಆಯಿಲ್ ಸಾಲದಿದ್ದರೆ ಬೇರಿಂಗುಗಳು ಸವೆದು ಬಿಗಿಹಿಡಿಯುತ್ತವೆ. ತಿರುಗುವ ಕ್ರ್ಯಾಂಕ್‌ಷಾಫ್ಟ್ ಲೋಹದ ಮೇಲೆ ಕೂತಿರುವುದಿಲ್ಲ. ಕೂದಲೆಳೆಗಿಂತ ಹಲವು ಪಟ್ಟು ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಅಲ್ಲಿಗೆ ಒಂದು ಲೋಹದ ಚೂರು ಸೇರಿದರೂ ಸಾಕು.

ಇದು ದೊಡ್ಡ ಕಾರ್ಖಾನೆಗಳಲ್ಲೂ ನಡೆದಿದೆ. 2024ರ ಮೇ ತಿಂಗಳಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ 2022 ಮತ್ತು 2023ರ ಮಾದರಿಯ ಒಂದು ಲಕ್ಷಕ್ಕೂ ಹೆಚ್ಚು ಟುಂಡ್ರಾ ಪಿಕಪ್ ಮತ್ತು ಲೆಕ್ಸಸ್ ಎಲ್‌ಎಕ್ಸ್ ವಾಹನಗಳನ್ನು ದುರಸ್ತಿಗೆಂದು ವಾಪಸು ಕರೆಯಿತು. ತಯಾರಿಕೆಯಲ್ಲಿ ಉಂಟಾದ ಲೋಹದ ಚೂರುಗಳು ಎಂಜಿನ್ನಿನೊಳಗೆ ಉಳಿದಿದ್ದವು. ಮುಂದೆ ಎಂಜಿನ್‌ಗಳನ್ನೇ ಉಚಿತವಾಗಿ ಬದಲಿಸುವ ತೀರ್ಮಾನಕ್ಕೆ ಕಂಪನಿ ಬಂತು. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ಅಲ್ಲಿಯೇ ಸುಮಾರು 6 ಲಕ್ಷ ವಾಹನಗಳನ್ನು ಕರೆಯಿತು. ಅವು 6.2 ಲೀಟರಿನ ವಿ-8 ಎಂಜಿನ್ನಿನ ವಾಹನಗಳು. ದೋಷ ಇದ್ದದ್ದು ಕ್ರ್ಯಾಂಕ್‌ಷಾಫ್ಟ್ ಮತ್ತು ಕನೆಕ್ಟಿಂಗ್ ರಾಡುಗಳಲ್ಲಿ. ಪರೀಕ್ಷೆಯಲ್ಲಿ ತೇರ್ಗಡೆಯಾದವಕ್ಕೆ ಹೆಚ್ಚು ಗಟ್ಟಿಯಾದ ಆಯಿಲ್, ಉಳಿದವಕ್ಕೆ ಎಂಜಿನ್ ದುರಸ್ತಿ ಅಥವಾ ಬದಲಾವಣೆ.

ಇದರಿಂದ ಕಲಿಯಬೇಕಾದ ಮೊದಲ ಪಾಠ: ಎಂಜಿನ್ ಏಕೆ ಹೋಯಿತು ಎಂಬುದು ಬರವಣಿಗೆಯಲ್ಲಿ ಕೈಗೆ ಬರುವವರೆಗೆ ‘ಇಡುವುದೋ ಮಾರುವುದೋ’ ಎಂಬ ಚರ್ಚೆಯೇ ಬೇಡ. ಸೋರುವ ರೇಡಿಯೇಟರಿಗೆ ಹೊಸ ಎಂಜಿನ್ ಕೂಡಿಸುವುದು ತೂತುಕೊಡಕ್ಕೆ ನೀರು ತುಂಬಿದಂತೆ. ಕಾರಣವೇ ಖರ್ಚು ಯಾರದೆಂಬುದನ್ನೂ ಹೇಳುತ್ತದೆ. ತಯಾರಿಕೆಯ ದೋಷವಾಗಿದ್ದರೆ ವಾರಂಟಿ ಅವಧಿಯಲ್ಲಿ ಹೊಣೆ ಕಂಪನಿಯದು. ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಕರಾರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಗ್ರಾಹಕ ಆಯೋಗದ ಮೊರೆಹೋಗಬಹುದು. ಅಲ್ಲಿ ಮಾತಿಗಿಂತ ಕಾಗದಕ್ಕೆ ಬೆಲೆ. ಸರ್ವೀಸ್ ಬಿಲ್ಲುಗಳು, ಜಾಬ್ ಕಾರ್ಡ್, ಫೋಟೋಗಳನ್ನು ಜೋಪಾನವಾಗಿ ಇಡಬೇಕು.

ವಿಮೆ ಎಲ್ಲಿಯವರೆಗೆ?

‘ಫುಲ್ ಇನ್ಷೂರೆನ್ಸ್ ಇದೆಯಲ್ಲ’ ಎಂದು ನಂಬಿದವರಿಗೆ ಇಲ್ಲಿ ನಿರಾಸೆ ಕಾದಿರುತ್ತದೆ. ಸಮಗ್ರ ಪಾಲಿಸಿ ಪ್ರವಾಹದ ಹಾನಿಗೆ ಪರಿಹಾರ ಕೊಡುತ್ತದೆ, ನಿಜ. ಆದರೆ ನೀರು ತುಂಬಿದ ಎಂಜಿನ್ನನ್ನು ಚಾಲೂ ಮಾಡಲು ಹೋಗಿ ಆದ ಹಾನಿಯನ್ನು ಸಾಮಾನ್ಯವಾಗಿ ‘ಆನಂತರದ ಹಾನಿ’ ಎಂದು ಕೈಬಿಡಲಾಗುತ್ತದೆ. ಅದಕ್ಕೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷೆ ಕೊಂಡಿರಬೇಕು. ಉದಾಹರಣೆಯ ಮನೆಯವರು ಕೊಂಡಿರಲಿಲ್ಲ.

ರಕ್ಷೆ ಇದ್ದರೂ ಸವಕಳಿಯ ಕಡಿತವುಂಟು. ಒಂದರಿಂದ ಎರಡು ವರ್ಷದ ಕಾರಿನ ಲೋಹದ ಭಾಗಗಳಿಗೆ ಶೇ 10, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟನ್ನು ಮಾಲೀಕನೇ ಭರಿಸಬೇಕು. ‘ಜೀರೋ ಡೆಪ್ರಿಸಿಯೇಷನ್’ ರಕ್ಷೆ ಇದ್ದವರಿಗೆ ಈ ಕಡಿತವಿಲ್ಲ. ವಿಮೆಗೆ ಒಳಪಟ್ಟ ದುರಸ್ತಿಯ ವೆಚ್ಚ ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯದ ಶೇ 75ನ್ನು ಮೀರಿದರೆ ಕಾರು ‘ಪೂರ್ಣ ನಷ್ಟ’ ಎಂದು ಲೆಕ್ಕ. ಆಗ ಕಾರನ್ನು ಬಿಟ್ಟುಕೊಟ್ಟು ಹಣ ಪಡೆಯಬಹುದು. ಈ ಕಾರಿನ ಘೋಷಿತ ಮೌಲ್ಯ 8 ಲಕ್ಷ. ಅದರ ಶೇ 75 ಎಂದರೆ 6 ಲಕ್ಷ. ಅಂದಾಜು 3 ಲಕ್ಷವೇ ಆದ್ದರಿಂದ ಆ ಬಾಗಿಲೂ ಮುಚ್ಚಿತು.

ಮಗಳ ಲೆಕ್ಕದ ಪುಸ್ತಕ

ಈಗ ಉಳಿದದ್ದು ಮನೆಯ ತೀರ್ಮಾನ. ತಂದೆಯ ಬಾಯಲ್ಲಿ ಒಂದೇ ಮಾತು: ‘10 ಲಕ್ಷ ಸುರಿದಿದ್ದೇನೆ, ಹೇಗೆ ಬಿಡುವುದು?’ ಮರುಕ್ಷಣವೇ, ‘ರಿಪೇರಿ ಮಾಡಿಸಿ ಯಾರಿಗಾದರೂ ದಾಟಿಸಿಬಿಡೋಣ. ನೀರಿನ ವಿಷಯ ಯಾರಿಗೆ ಗೊತ್ತಾಗುತ್ತದೆ?’

ಮಗಳು ನೋಟ್‌ಪುಸ್ತಕ ತೆಗೆದು ತಂದೆಯ ಎದುರು ಕೂರುತ್ತಾಳೆ. ‘ಅಪ್ಪಾ, ಕೊಟ್ಟ 10 ಲಕ್ಷವನ್ನು ಮೊದಲು ಹೊಡೆದುಹಾಕೋಣ. ಯಾವ ದಾರಿ ಹಿಡಿದರೂ ಅದು ವಾಪಸು ಬರುವುದಿಲ್ಲವಲ್ಲ.’ ಸಮೀಕರಣದ ಎರಡೂ ಬದಿಯಲ್ಲಿ ಇರುವ ಪದವನ್ನು ಬೀಜಗಣಿತದಲ್ಲಿ ಹೊಡೆದುಹಾಕುವುದಿಲ್ಲವೇ, ಹಾಗೆ. ಸಾಲದ ನಾಲ್ಕೂವರೆ ಲಕ್ಷವೂ ಅಂಥದೇ. ಕಾರು ಇಟ್ಟರೆ ಕಂತು ಕಟ್ಟಬೇಕು. ಮಾರುವುದಾದರೆ ಸಾಲ ತೀರಿಸಿ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ತರಬೇಕು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆ ಅರ್ಥಶಾಸ್ತ್ರದ ಪಾಠವೂ ಹೌದು.

ಉಳಿದ ಅಂಕಿಗಳು ಇವು. ಕೆಟ್ಟ ಸ್ಥಿತಿಯಲ್ಲೇ ಮಾರಿದರೆ ಮೂರೂವರೆ ಲಕ್ಷ ಬರುತ್ತದೆ. ಅಷ್ಟೇ ಹಳೆಯ, ಅದೇ ಮಾದರಿಯ ಇನ್ನೊಂದು ಕಾರಿಗೆ ಏಳೂವರೆ ಲಕ್ಷ. ಹೊಸ ಎಂಜಿನ್ ಕೂಡಿಸಿ, ನಡೆದದ್ದನ್ನು ನಡೆದಂತೆ ಹೇಳಿ ಮಾರಿದರೆ ಆರೂವರೆ ಲಕ್ಷ. ಇದರಿಂದ ಹೊರಡುವ ದಾರಿಗಳು ನಾಲ್ಕು.

ಒಂದು, ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದು. ಖರ್ಚು 3 ಲಕ್ಷ.

ಎರಡು, ಇದನ್ನು ಮಾರಿ ಅಂಥದೇ ಹಳೆಯ ಕಾರು ಕೊಳ್ಳುವುದು. ಖರ್ಚು 4 ಲಕ್ಷ.

ಮೂರು, ರಿಪೇರಿ ಮಾಡಿಸಿ ಮಾರುವುದು. ಆರೂವರೆಯಲ್ಲಿ 3 ಕಳೆದರೆ ಉಳಿಯುವುದು ಮೂರೂವರೆ ಲಕ್ಷ.

ನಾಲ್ಕು, ಇದ್ದಂತೆಯೇ ಮಾರಿ ಕಾರಿಲ್ಲದೆ ಇರುವುದು. ಬರುವುದು ಅದೇ ಮೂರೂವರೆ ಲಕ್ಷ.

ಮೂರನೆಯದನ್ನೂ ನಾಲ್ಕನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ತಂದೆ ಸುಮ್ಮನಾಗುತ್ತಾರೆ. ಮಾರುವುದಕ್ಕಾಗಿಯೇ ರಿಪೇರಿ ಮಾಡಿಸಿದರೆ ಲಾಭವೇನೂ ಇಲ್ಲ. ನೀರಿನ ಸಂಗತಿ ಮುಚ್ಚಿಟ್ಟರೆ ಏಳೂವರೆ ಲಕ್ಷ ಬರಬಹುದು. ಆ ಹೆಚ್ಚಿನ ಒಂದು ಲಕ್ಷ ಕಾರಿನ ಬೆಲೆಯಲ್ಲ, ಸುಳ್ಳಿನ ಬೆಲೆ. ಅದನ್ನು ತೆರುವವನು ಇವರಂತೆಯೇ ಸಾಲ ಮಾಡಿ ಕಾರು ಕೊಳ್ಳುವ ಇನ್ನೊಬ್ಬ ತಂದೆ. ಮೇಲಾಗಿ, ನೋಂದಣಿ ಪತ್ರದಲ್ಲಿ ಚಾಸಿ ಸಂಖ್ಯೆಯ ಜೊತೆಗೆ ಎಂಜಿನ್ ಸಂಖ್ಯೆಯೂ ಇರುತ್ತದೆ. ಬ್ಲಾಕ್ ಬದಲಾದರೆ ಹೊಸ ಸಂಖ್ಯೆಯನ್ನು ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯಲ್ಲಿಯೂ ದಾಖಲು ಮಾಡಿಸಬೇಕು. ಹಾಗೆ ಮಾಡಿಸದೆ ದಾಟಿಸಿದ ಕಾರು ಕೊಂಡವನನ್ನು ಮುಂದೊಂದು ದಿನ ತನಿಖೆಯ ಮುಂದೆ ನಿಲ್ಲಿಸೀತು.

ಒಂದನೆಯದು ಮತ್ತು ಎರಡನೆಯದರ ನಡುವೆ? ಮೊದಲ ನೋಟಕ್ಕೆ ರಿಪೇರಿಯೇ ಒಂದು ಲಕ್ಷ ಅಗ್ಗ. ಆದರೆ ರಿಪೇರಿಯಾದ ಕಾರಿನ ಮರುಮಾರಾಟದ ಬೆಲೆಯೂ ಒಂದು ಲಕ್ಷ ಕಡಿಮೆ. ಆರು ತಿಂಗಳಲ್ಲೇ ಮಾರುವವರಿಗೆ ಎರಡೂ ಒಂದೇ. ಹತ್ತು ವರ್ಷ ಓಡಿಸುವವರಿಗೆ ಆ ಕೊರತೆ ಸವೆದು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹೊಸ ಎಂಜಿನ್ನಿನ ಪ್ರಯೋಜನ ಮಾತ್ರ ಉಳಿಯುತ್ತದೆ. ಹಾಗಾದರೆ ಕೇಳಬೇಕಾದ ನಿಜವಾದ ಪ್ರಶ್ನೆ ‘ಎಷ್ಟು ಕೊಟ್ಟಿದ್ದೇವೆ?’ ಎಂಬುದಲ್ಲ, ‘ಇನ್ನೆಷ್ಟು ವರ್ಷ ಓಡಿಸುತ್ತೇವೆ?’ ಎಂಬುದು.

ನಾಲ್ಕನೆಯ ದಾರಿಯನ್ನು ಹಗುರವಾಗಿ ತಳ್ಳಿಹಾಕಬಾರದು. ರಿಪೇರಿಯ 3 ಲಕ್ಷ, ಮಾರಿದರೆ ಬರುತ್ತಿದ್ದ ಮೂರೂವರೆ ಲಕ್ಷ, ಎರಡೂ ಸೇರಿದರೆ ಕಾರು ಇಟ್ಟುಕೊಳ್ಳುವುದರ ನಿಜವಾದ ವೆಚ್ಚ ಆರೂವರೆ ಲಕ್ಷ. ಮೆಟ್ರೋ, ಬಸ್ಸು ಹತ್ತಿರವಿದ್ದು ಭಾನುವಾರಕ್ಕಷ್ಟೇ ಕಾರು ಹೊರತೆಗೆಯುವ ಮನೆಗೆ ಇದೇ ಸರಿಯಾದ ದಾರಿ. ಆಗ ಠೇವಣಿಯಿಂದ ಒಂದು ಲಕ್ಷ ತೆಗೆದು ಸಾಲ ತೀರಿಸಿದರೆ ಕಂತಿನ ಕಾಟವೂ ತಪ್ಪುತ್ತದೆ. ಈ ಮನೆಯಲ್ಲಿ ಬಸ್ಸಿನ ಮೆಟ್ಟಿಲು ಹತ್ತಲಾರದ ಅಜ್ಜಿಗೆ ವಾರಕ್ಕೆ ಮೂರು ದಿನ ಆಸ್ಪತ್ರೆ. ತಂದೆಯ ಕೆಲಸ ಊರಾಚೆ. ‘ಕಾಲೇಜಿಗೆ ಇನ್ನೂ ಎರಡು ವರ್ಷವಿದೆ ಅಪ್ಪಾ, ತಿಂಗಳು ತಿಂಗಳು ಠೇವಣಿ ತುಂಬಿಸೋಣ’ ಎಂದು ಮಗಳೇ ಒಂದನೆಯ ದಾರಿಗೆ ಗುರುತು ಹಾಕುತ್ತಾಳೆ.

ಒಪ್ಪುವ ಮುನ್ನ

ಗುರುತು ಹಾಕಿದ ಮೇಲೂ ಕೆಲವು ಎಚ್ಚರಿಕೆಗಳಿವೆ. ನೀರು ಸೀಟಿನವರೆಗೆ ಏರಿತ್ತೇ ಎಂದು ನೋಡಬೇಕು. ಏರಿದ್ದರೆ ವೈರುಗಳು, ಕಂಪ್ಯೂಟರ್ ಘಟಕ, ಏರ್‌ಬ್ಯಾಗಿನ ಸಂವೇದಕಗಳು ತಿಂಗಳುಗಳ ನಂತರ ತುಕ್ಕು ಹಿಡಿದು ಕೈಕೊಡಬಹುದು. ಆಗ ಮೇಲಿನ ಲೆಕ್ಕವೇ ಬದಲಾಗುತ್ತದೆ. ಅಂದಾಜಿನಲ್ಲಿರುವುದು ಪೂರ್ತಿ ಎಂಜಿನ್ನೋ, ಬರೀ ಹಾಫ್ ಎಂಜಿನ್ನೋ ಎಂದು ಬರೆಸಿಕೊಳ್ಳಬೇಕು. ಗುಜರಿಯ ಎಂಜಿನ್ ಅಗ್ಗ, ಆದರೆ ಅದರ ಪೂರ್ವೋತ್ತರ ತಿಳಿಯದೆ ಮುಟ್ಟಬಾರದು. ಹೊಸ ಎಂಜಿನ್ನಿಗೆ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್ ವಾರಂಟಿ ಎಂಬುದು ಬಿಲ್ಲಿನಲ್ಲಿಯೇ ಇರಬೇಕು.

ಕೊನೆಯದಾಗಿ, ಈ ಎಲ್ಲ ಲೆಕ್ಕಕ್ಕೂ ಮೇಲಿನ ಒಂದು ಲೆಕ್ಕವಿದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನ ನೀರಿಗೆ ಸಿಕ್ಕಿದ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಆಳ ತಿಳಿಯದ ನೀರು ಎದುರಾದರೆ ಕಾರು ಹಿಂದಕ್ಕೆ ತಿರುಗಲಿ. ಒಳಗೆ ಸಿಕ್ಕಿ ನಿಂತರೆ ಮೊದಲು ಜನ ಇಳಿದು ದಡ ಸೇರಲಿ. ಕೀ ಯಾರೂ ತಿರುಗಿಸುವುದು ಬೇಡ. ಎಂಜಿನ್ ಬದಲಿಸಬಹುದು, ಕಾರನ್ನೂ ಬದಲಿಸಬಹುದು.